ಕೊನೆಯ ಅಧ್ಯಾಯದ ವಾರಸುದಾರರು

ಮಾರ್ಚ್ 6

ಅಕ್ಕನವರಿಗೆ,

ನಮಸ್ಕಾರ. ನಾವಿಬ್ಬರೂ ಇನ್ನೂ ಮುಖ ನೋಡಿಲ್ಲ. ಜನವರಿಯಲ್ಲಿ ನಿಮ್ಮ ಭಾವನನ್ನು ಮದುವೆಯಾದವಳು ನಾನು. ನಿಮಗೆ ರಜೆ ಸಿಗಲಿಲ್ಲ, ಅದಕ್ಕೇ ಮದುವೆಗೆ ಬರಲಿಲ್ಲ ಎಂದು ಇವರು ಹೇಳಿದರು. ಮೊದಲ ಕಾಗದದಲ್ಲೇ ದೂರು ಹೊತ್ತು ಬಂದಳಲ್ಲ ಎಂದುಕೊಳ್ಳಬೇಡಿ. ದೂರು ನನ್ನ ಮೇಲೆಯೇ.

ಇವರ ಮಗಳು ಕಡ್ಡಿಯ ಹುಟ್ಟುಹಬ್ಬಕ್ಕೆ ನೀವು ಕಳಿಸಿದ ‘ಒಣಕಡಲ ಒಡತಿ’ ಬಂದಾಗ ಅವಳು ಶಾಲೆಯಲ್ಲಿದ್ದಳು. ಪೊಟ್ಟಣ ನಾನೇ ಬಿಚ್ಚಿದೆ. ನೋಡಿದರೆ ಪುಸ್ತಕದ ಕೊನೆಯ ಅಧ್ಯಾಯವೇ ಇಲ್ಲ, ಯಾರೋ ಚಾಕುವಿನಲ್ಲಿ ಕೊಯ್ದು ತೆಗೆದ ಹಾಗಿದೆ. ಹಳೆ ಪುಸ್ತಕದವನು ನಿಮಗೆ ಟೋಪಿ ಹಾಕಿದ್ದಾನೆ ಎಂದುಕೊಂಡೆ. ಹನ್ನೆರಡು ತುಂಬಿದ ಹುಡುಗಿಗೆ ಉಡುಗೊರೆ ಹರಕಲಾಗಿ ಸಿಗಬಾರದೆಂದು ಇಲ್ಲಿನ ಹಳೆ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿ, ಅದೇ ಪುಸ್ತಕದ ಪೂರ್ತಿ ಪ್ರತಿಯೊಂದನ್ನು ತಂದು ಅವಳ ಮೇಜಿನ ಮೇಲಿಟ್ಟೆ. ಕೊನೆಯ ಅಧ್ಯಾಯ ಶುರುವಾಗುವ ಕಡೆ ಒಂದು ರಿಬ್ಬನ್ನನ್ನೂ ಇಟ್ಟಿದ್ದೆ, ಹುಡುಕುವ ತೊಂದರೆ ಬೇಡ ಎಂದು.

ಅವಳು ಅದನ್ನು ಕೆಂಡ ಮುಟ್ಟಿದವಳ ಹಾಗೆ ಕೈಬಿಟ್ಟಳು. “ಇದನ್ನ ತನ್ನಿ ಅಂತ ನಿಮಗೆ ಯಾರು ಹೇಳಿದ್ರು?” ಎಂದು ಕೇಳಿ ಬಾಗಿಲು ಹಾಕಿಕೊಂಡಳು. ಈಗ ಊಟಕ್ಕೆ ಬರುತ್ತಾಳೆ, ತಟ್ಟೆಯನ್ನೇ ನೋಡಿಕೊಂಡು ತಿನ್ನುತ್ತಾಳೆ, ಎದ್ದು ಹೋಗುತ್ತಾಳೆ. ಇವರನ್ನು ಕೇಳಿದರೆ, “ಅದು ಅವರ ಚಿಕ್ಕಮ್ಮಂಗೂ ಅವಳಿಗೂ ಇರೋ ಏನೋ ಒಪ್ಪಂದ ಕಣೇ, ನನಗೂ ಗೊತ್ತಿಲ್ಲ” ಎಂದು ಕೆಟ್ಟ ಫ್ರಿಜ್ಜೊಂದರ ಹಿಂದೆ ತಲೆ ಮರೆಸಿಕೊಂಡರು. ಇಡೀ ಊರಿನ ಫ್ರಿಜ್ಜುಗಳನ್ನು ರಿಪೇರಿ ಮಾಡುವವರಿಗೆ ಮನೆಯೊಳಗಿನ ಈ ಥಂಡಿ ಗೊತ್ತಾಗುವುದಿಲ್ಲ.

ನಾನು ಏನು ತಪ್ಪು ಮಾಡಿದೆ? ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ. ದಯವಿಟ್ಟು ತಿಳಿಸಿ.

ಇಂತಿ,
ಕಡ್ಡಿಯ ಮನೆಯಲ್ಲಿರುವವಳು
(ಬೇರೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ)


ಮಾರ್ಚ್ 14

ಮಾನ್ಯರೇ,

ನಿಮ್ಮ ಕಾಗದ ತಲುಪಿತು.

ಮೊದಲನೆಯದಾಗಿ, ನನ್ನನ್ನು ಅಕ್ಕ ಎನ್ನಬೇಡಿ. ನನಗೆ ಒಬ್ಬಳು ಅಕ್ಕ ಇದ್ದಳು. ನೀವೀಗ ಬೆಳಿಗ್ಗೆ ಎದ್ದು ಸರಿಸುವ ಪರದೆಗಳನ್ನು ಹೊಲಿದವಳು ಅವಳೇ. ಆ ಮಾತು ಅವಳದು, ಅವಳ ಜೊತೆಗೇ ಹೋಯಿತು.

ಎರಡನೆಯದಾಗಿ, ನನಗೆ ಯಾರೂ ಟೋಪಿ ಹಾಕಿಲ್ಲ. ಆ ಅಧ್ಯಾಯವನ್ನು ಕೊಯ್ದು ತೆಗೆದದ್ದು ನಮ್ಮ ಮನೆಯದೇ ಚಾಕು. ಚಿಕ್ಕವರಿದ್ದಾಗ ನಮಗಿಬ್ಬರಿಗೂ ಸೇರಿ ಒಂದೇ ಪುಸ್ತಕ ಬರುತ್ತಿತ್ತು. ಅಕ್ಕ ಮೊದಲು ಓದುವಳು. ಓದಿ ಮುಗಿಸಿ ಕೊನೆಯ ಅಧ್ಯಾಯವನ್ನು ಕೊಯ್ದಿಟ್ಟುಕೊಂಡು ಉಳಿದದ್ದನ್ನು ನನಗೆ ಕೊಡುವಳು. ನಾನು ಓದಿ, ಗೋಗರೆದು, ಅತ್ತು ಕರೆದು ಕೇಳಿದರೆ, “ಏನಾಗತ್ತೆ ಅಂತ ಮೊದ್ಲು ನೀನು ಬರಿ, ಆಮೇಲೆ ಕೊಡ್ತೀನಿ” ಎನ್ನುವಳು. ಬರೆದು ಕೊಟ್ಟ ಮೇಲೆಯೇ ಕೊನೆಯ ಅಧ್ಯಾಯ. ಅವಳು ಮದುವೆಯಾಗಿ ಹೋದ ಮೇಲೂ ಇದು ಅಂಚೆಯಲ್ಲಿ ನಡೆಯಿತು. ಅವಳು ತೀರಿಕೊಂಡ ಮೇಲೆ ಚಾಕು ನನ್ನ ಕೈಗೆ ಬಂತು, ಕಾಯುವ ಕೆಲಸ ಕಡ್ಡಿಗೆ. ತಿಂಗಳಿಗೊಂದು ಹಳೆಯ ಪುಸ್ತಕ ಕಳಿಸುತ್ತೇನೆ, ಬೇರೆ ಗ್ರಹದ್ದೋ, ಮಾಟದ ನಾಡಿನದೋ. ಕತ್ತಿಯಾಗಲಿ ಹಡಗಾಗಲಿ ಹೆಂಗಸಿನ ಕೈಯಲ್ಲಿರಬೇಕು, ಅಷ್ಟೇ ಷರತ್ತು. ಅವಳು ಊಹೆ ಬರೆಯುತ್ತಾಳೆ, ನಾನು ಕೊನೆಯನ್ನು ಕಳಿಸುತ್ತೇನೆ. ಇದು ನಮ್ಮಿಬ್ಬರ ನಡುವಿನದು. ಮೂರನೆಯವರು ರಿಬ್ಬನ್ ಇಡಲು ಇದರಲ್ಲಿ ಜಾಗವಿಲ್ಲ.

ನಾನು ರೈಲು ನಿಲ್ದಾಣದಲ್ಲಿ, ಜನ ಬಿಟ್ಟುಹೋದ ಸಾಮಾನುಗಳ ಕೌಂಟರಿನಲ್ಲಿ ಕೆಲಸ ಮಾಡುವವಳು. ಕೊಡೆ, ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲು, ಪುಸ್ತಕ, ಎಲ್ಲ ಬರುತ್ತವೆ. ಯಾರೂ ಕೇಳದೆ ಉಳಿದ ಪುಸ್ತಕಗಳನ್ನು ಹರಾಜಿನಲ್ಲಿ ಕೊಳ್ಳುತ್ತೇನೆ. ಆದರೆ ಕೇಳಿ ಬಂದವರಿಗೆ ಅಲ್ಲಿ ನಿಯಮ ಒಂದೇ: ವಾರಸುದಾರರು ಖುದ್ದಾಗಿ ಬರಬೇಕು, ಗುರುತು ಹೇಳಬೇಕು. ಖಾಲಿ ಕಂಡದ್ದನ್ನೆಲ್ಲ ನಮ್ಮದು ಎಂದು ಬಗಲಿಗೆ ಹಾಕಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ.

ನೀವು ಕೊಂಡ ಪ್ರತಿಯನ್ನು, ಕೊನೆಯ ಪುಟಗಳನ್ನು ತೆರೆಯದೆ, ನನಗೆ ಕಳಿಸಿಬಿಡಿ.

ಕಡ್ಡಿಯ ಚಿಕ್ಕಮ್ಮ


ಮಾರ್ಚ್ 25

ಕಡ್ಡಿಯ ಚಿಕ್ಕಮ್ಮನವರಿಗೆ,

‘ಮಾನ್ಯರೇ’ ಎಂದು ಬರೆದರೆ ನೀರಿನ ಬಿಲ್ಲಿಗೆ ಉತ್ತರ ಕೊಟ್ಟ ಹಾಗಾಗುತ್ತದೆ, ಅದಕ್ಕೆ ಹೀಗೆ.

ಪುಸ್ತಕ ಇದರ ಜೊತೆಗೆ ಕಳಿಸಿದ್ದೇನೆ. ಕೊನೆಯ ಪುಟಗಳನ್ನು ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಬಿಗಿದಿದ್ದೇನೆ. ನಾನು ನೋಡಿಲ್ಲ.

ನಿಮ್ಮ ಕಾಗದ ಓದಿದ ದಿನವೇ ಕಡ್ಡಿಯ ಬಾಗಿಲು ತಟ್ಟಿ ತಪ್ಪಾಯಿತೆಂದೆ. “ನೀವು ಕೊನೆ ನೋಡಿದ್ರಾ?” ಎಂದಳು. ಇಲ್ಲ ಎಂದೆ. “ಆಣೆ?” ಆಣೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, “ಹಾಗಾದ್ರೆ ಮಿಕ್ಕಿದ್ದನ್ನ ಓದಿ” ಎಂದು ನಿಮ್ಮ ಪುಸ್ತಕವನ್ನು ಕೈಗಿಟ್ಟಳು. ಶಿಕ್ಷೆಯೋ ಏನೋ ಗೊತ್ತಾಗಲಿಲ್ಲ. ನಾನು ಓದುವವಳಲ್ಲ. ಶಾಲೆ ಬೇಗ ಬಿಟ್ಟವಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಓದಬೇಕು. ನನಗೆ ಬಂದರಿನಲ್ಲಿ ಕೆಲಸ. ಹಡಗು ತಡವಾದಾಗ ಸುಮ್ಮನೆ ಕೂತಿರುವ ಹೊತ್ತು ಬೇಕಾದಷ್ಟಿರುತ್ತದೆ, ಆಗ ಓದಿದೆ.

ಓದಿ ಕೆಟ್ಟೆ. ಸಮುದ್ರವೇ ಒಣಗಿಹೋದ ಲೋಕ, ಅದರ ಮೇಲೆ ಗಾಲಿ ಕಟ್ಟಿದ ಹಡಗು, ಅದರ ಒಡತಿ ಒಕ್ಕಣ್ಣಿನ ಹೆಂಗಸು. ಕೊನೆಯ ನೀರು ಹುಡುಕಿಕೊಂಡು ಕಡಲ ತಳದ ಕಂದಕಕ್ಕೆ ಒಬ್ಬಳೇ ಸರಪಳಿ ಹಿಡಿದು ಇಳಿಯುತ್ತಾಳೆ. ಅರ್ಧ ದಾರಿಯಲ್ಲಿ ಸರಪಳಿ ನಿಲ್ಲುತ್ತದೆ. ಮೇಲೆ ನಿಂತವರು ಅವಳನ್ನು ಎಳೆದುಕೊಳ್ಳುತ್ತಾರೋ, ಸರಪಳಿ ಕತ್ತರಿಸುತ್ತಾರೋ? ಅಲ್ಲಿಗೆ ನಿಮ್ಮ ಚಾಕು! ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಒಂದು ತಕರಾರಿದೆ. ಆ ಒಡತಿ ಲಂಗರನ್ನು ಒಂದೇ ಕೈಯಲ್ಲಿ ಎತ್ತುತ್ತಾಳಂತೆ. ಸಾಧ್ಯವೇ ಇಲ್ಲ. ಇದನ್ನು ಹೇಳಿದ್ದಕ್ಕೆ ಕಡ್ಡಿ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ನನ್ನ ಜೊತೆ ಜಗಳವಾಡಿದಳು. ನಾನು ಮದುವೆಯಾಗಿ ಬಂದ ಮೇಲೆ ಅವಳು ನನ್ನೊಂದಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಇವರು ಒಳಗಿಂದ ಬಂದು ನಮ್ಮಿಬ್ಬರನ್ನೂ ನೋಡಿ ಮತ್ತೆ ಒಳಗೆ ಹೋದರು.

ಅವಳ ಊಹೆಯನ್ನು ಇದರೊಂದಿಗಿಟ್ಟಿದ್ದೇನೆ. “ನೀವೂ ಬರೀರಿ, ಬರೀದೆ ಕೊನೆ ಕೇಳೋ ಹಾಗಿಲ್ಲ” ಎಂದಳು. ಹಾಳೆಯ ಕೆಳಗಡೆ ಇರುವ ದಪ್ಪ ಅಕ್ಷರ ನನ್ನದು, ನಗಬೇಡಿ. ಇಂಥವೇ ಗಟ್ಟಿ ಹೆಂಗಸರಿರುವ ಪುಸ್ತಕಗಳು ಇನ್ನೂ ಯಾವುವಿವೆ, ನನಗೂ ಒಂದೆರಡು ಹೇಳುತ್ತೀರಾ?

ಇನ್ನೊಂದು ಮಾತು. ನನ್ನನ್ನು ಚಿಕ್ಕಮ್ಮ ಎಂದು ಕರೆ ಎಂದು ಇವರ ಕಡೆಯವರು ಹೇಳಿದ್ದಕ್ಕೆ ಕಡ್ಡಿ, “ಅದು ಒಬ್ಬರಿಗೆ ಈಗಾಗ್ಲೇ ಇದೆ” ಎಂದಳು. ನನ್ನನ್ನು ಅವಳು ಏನೆಂದೂ ಕರೆಯುವುದಿಲ್ಲ. ಎದುರಿಗೆ ಬಂದು ನಿಂತು ಕೆಮ್ಮುತ್ತಾಳೆ.

ಇಂತಿ,
ಕೆಮ್ಮಿಗೆ ಓಗೊಡುವವಳು


ಏಪ್ರಿಲ್ 9

ಮಾನ್ಯರೇ,

ಪುಸ್ತಕ ಬಂತು. ಕ್ಲಿಪ್ ಇನ್ನೂ ಹಾಗೇ ಇದೆ.

ಕಡ್ಡಿ ಚಿಕ್ಕಮ್ಮ ಎಂಬ ಮಾತನ್ನು ಬಿಟ್ಟುಕೊಡಲಿಲ್ಲವೆಂದು ಓದಿ ಖುಷಿಯಾಯಿತು. ನಿಮಗೆ ಬೇಜಾರಾಗಬಹುದು, ಆದರೆ ಆಗಿದ್ದನ್ನು ಆಯಿತೆಂದು ಹೇಳುತ್ತಿದ್ದೇನೆ. ಖುಷಿ ಹಾಳೆ ತಿರುಗಿಸುವವರೆಗೆ ಮಾತ್ರ ಇತ್ತು. ಈ ಐದು ವರ್ಷ ಅವಳ ಊಹೆ ನನಗೊಬ್ಬಳಿಗೇ ಬರುತ್ತಿತ್ತು. ಅಕ್ಷರದ ಓರೆ ನೋಡಿಯೇ ಮಂಚದ ಮೇಲೆ ಮಲಗಿಕೊಂಡು ಬರೆದಳೋ, ಶಾಲೆಯಲ್ಲಿ ಕದ್ದು ಬರೆದಳೋ ಹೇಳುತ್ತಿದ್ದೆ. ಈ ಸಲ ಅದೇ ಹಾಳೆಯಲ್ಲಿ ಇನ್ನೊಂದು ಕೈಬರಹ. ಅವಳ ಒಂದು ವಾಕ್ಯವನ್ನು ಯಾರೋ ಹೊಡೆದುಹಾಕಿ ತಿದ್ದಿದ್ದಾರೆ. ಪಕ್ಕದಲ್ಲಿ ಅವಳೇ ‘ಹೌದು, ಇದೇ ಸರಿ’ ಎಂದು ಬರೆದಿದ್ದಾಳೆ. ನನ್ನ ತಿದ್ದುಪಡಿಯನ್ನು ಅವಳು ಈವರೆಗೆ ಒಪ್ಪಿದ್ದಿಲ್ಲ.

ಪುಸ್ತಕ ಹೇಳಿ ಎಂದಿರಿ. ಯಾರೇ ಕೇಳಲಿ, ಪುಸ್ತಕದ ಮಾತು ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದೊಂದು ರೋಗ. ‘ಬೂದಿ ಗ್ರಹದ ಸೂಲಗಿತ್ತಿ’ ಎಂದು ಒಂದಿದೆ. ಹೊಸ ಗ್ರಹದಲ್ಲಿ ಮೊದಲ ಮಗು ಹುಟ್ಟಬೇಕು, ಗಂಡಸರೆಲ್ಲ ಯಂತ್ರಗಳ ಮುಂದೆ ಕೂತು ಲೆಕ್ಕ ಹಾಕುತ್ತಿರುವಾಗ ಒಬ್ಬ ಮುದುಕಿ ಕೈ ತೊಳೆದುಕೊಂಡು ಒಳಗೆ ಹೋಗುತ್ತಾಳೆ. ಆ ಕೈ ತೊಳೆಯುವ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ. ‘ಗಾಳಿ ಮಾರುವವಳು’ ಇನ್ನೊಂದು. ಅದರ ಮಾಟಗಾತಿ ಚೆಲುವೆಯಲ್ಲ, ಯಾವ ರಾಜಕುಮಾರನೂ ಅವಳನ್ನು ಬಿಡಿಸಿಕೊಂಡು ಹೋಗಲು ಬರುವುದಿಲ್ಲ, ಬಂದವನಿಗೂ ಬಿರುಗಾಳಿಯನ್ನು ಚೌಕಾಸಿ ಮಾಡಿ ಮಾರುತ್ತಾಳೆ. ಇವು ನನ್ನವೂ ಕಡ್ಡಿಯವೂ. ನಿಮಗೆ ಬೇಡ.

ನಿಮಗೆಂದೇ ಬೇರೆ ಆರಿಸಿದ್ದೇನೆ: ‘ಮಂಗಳನಲ್ಲಿ ಕಂದಾಯ ಸುಧಾರಣೆ’. ದಪ್ಪ ಪುಸ್ತಕ. ನಾಯಕಿ ಬಹಳ ಗಟ್ಟಿಗಳು, ಮೊದಲಿಂದ ಕಡೆಯವರೆಗೆ ಕುರ್ಚಿಯಿಂದ ಏಳುವುದಿಲ್ಲ. ಬಂದರಿನ ಕಚೇರಿಯಲ್ಲಿ ಕಡತ ನೋಡಿಕೊಂಡಿರುವವರಿಗೆ ಚೆನ್ನಾಗಿ ಹಿಡಿಸುತ್ತದೆ.

ಕೊನೆಯ ಅಧ್ಯಾಯವನ್ನು ಇದರೊಂದಿಗಿಟ್ಟಿದ್ದೇನೆ. ಓದಿಕೊಳ್ಳಿ.

ಕಡ್ಡಿಯ ಚಿಕ್ಕಮ್ಮ


ಮೇ 5

ಕಡ್ಡಿಯ ಚಿಕ್ಕಮ್ಮನವರಿಗೆ,

ಮೊದಲು ‘ಮಂಗಳನಲ್ಲಿ ಕಂದಾಯ ಸುಧಾರಣೆ’. ಅದನ್ನು ನೋಡಿದ ಕೂಡಲೇ ಕಡ್ಡಿ ಬಿದ್ದು ಬಿದ್ದು ನಕ್ಕಳು. “ಅಯ್ಯೋ, ಇದನ್ನ ಚಿಕ್ಕಮ್ಮ ಬಾಗಿಲು ಬಡ್ಕೊಳ್ದೆ ಇರ್ಲಿ ಅಂತ ಅಡ್ಡ ಇಡ್ತಿದ್ರು!” ಎಂದಳು. ನನ್ನ ಮುಖ ಪೆಚ್ಚಾಗಿದ್ದನ್ನು ನೋಡಿ ಅವಳಿಗೇ ಪಾಪ ಎನ್ನಿಸಿರಬೇಕು, ಗಂಭೀರ ದನಿ ಮಾಡಿ ಮೊದಲ ಪುಟ ಓದಿದಳು. ಎರಡನೆಯದನ್ನು ನಾನು ಓದಿದೆ. ಈಗ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪುಟ ಓದುವುದು ಪದ್ಧತಿಯಾಗಿದೆ. ನಾಯಕಿ ಕುರ್ಚಿಯಿಂದ ಎದ್ದರೆ ಏನು ಕೊಡಬೇಕೆಂದು ಇವರೂ ಪಂಥ ಕಟ್ಟಿದ್ದಾರೆ. ಇಷ್ಟು ನಗು ಈ ಮನೆಯಲ್ಲಿ ನಾನು ಕೇಳಿರಲಿಲ್ಲ. ಕಳಿಸಿದ್ದಕ್ಕೆ ನೂರು ನಮಸ್ಕಾರ.

ಇನ್ನು ಕೊನೆಯ ಅಧ್ಯಾಯ. ‘ಆ ದಿನ ಬೆಳಿಗ್ಗೆ ಅಜ್ಜಿ ಸೂರ್ಯನನ್ನು ಆರಿಸುವುದನ್ನು ಮರೆತಳು’ ಎಂದು ಶುರುವಾಗುತ್ತದೆ. ಗಾಜಿನ ಮನೆ, ಗಿಡಗಳು, ಮಾತಾಡುವ ಯಂತ್ರ. ಹಡಗಿಲ್ಲ, ಸರಪಳಿಯಿಲ್ಲ, ಒಡತಿಯೂ ಇಲ್ಲ. ಇದು ಬೇರೆ ಯಾವುದೋ ಪುಸ್ತಕದ್ದು, ನಿಮ್ಮ ಕೈತಪ್ಪಿ ಬಂದಿದೆ ಎಂದೆ. ಕಡ್ಡಿ ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಆಮೇಲೆ, “ಚಿಕ್ಕಮ್ಮನ ಕೈ ತಪ್ಪಲ್ಲ. ನನಗೆ ಹನ್ನೆರಡಾಯ್ತಲ್ಲ, ಆಟ ಕಷ್ಟ ಮಾಡಿದ್ದಾರೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದ್ರು ಅಂತ ನಾವು ಬರೀಬೇಕು” ಎಂದಳು.

ಹಾಗಾಗಿ ನಡುವಿನ ಅಧ್ಯಾಯವೊಂದನ್ನು ಇಬ್ಬರೂ ಸೇರಿ ಬರೆದಿದ್ದೇವೆ, ಇದರೊಂದಿಗಿದೆ. ಮೇಲಿನವರು ಸರಪಳಿಯನ್ನು ಕತ್ತರಿಸುವುದೂ ಇಲ್ಲ, ಎಳೆಯುವುದೂ ಇಲ್ಲ. ನಿಧಾನವಾಗಿ ಇನ್ನೂ ಕೆಳಗೆ ಬಿಡುತ್ತಾರೆ. ಒಡತಿಗೆ ತಳದಲ್ಲಿ ನೀರು ಸಿಗುತ್ತದೆ, ಅದನ್ನು ಕಾಯಲು ಅಲ್ಲೇ ಉಳಿಯುತ್ತಾಳೆ. ಕತ್ತಲೆಗೆ ತಾನೇ ಒಂದು ಸೂರ್ಯನನ್ನು ಮಾಡಿಕೊಳ್ಳುತ್ತಾಳೆ. ಮೇಲಿನಿಂದ ದಿನವೂ ಸರಪಳಿಯಲ್ಲಿ ಬುಟ್ಟಿ ಇಳಿಯುತ್ತದೆ: ಗಾಜು, ಸಸಿ, ಊಟ. ಒಡತಿ ಅಜ್ಜಿಯಾಗುತ್ತಾಳೆ. ‘ಮೇಲೆ ಯಾರಿದ್ದಾರೆ ಎಂದು ಅವಳು ಕಂಡಿರಲಿಲ್ಲ. ಆದರೂ ಬುಟ್ಟಿ ಒಂದು ದಿನವೂ ತಪ್ಪಲಿಲ್ಲ.’ ಈ ಸಾಲು ಕಡ್ಡಿಯದು, ನಾನು ಮುಟ್ಟಿಲ್ಲ.

ಬುಟ್ಟಿ ಇಳಿಸುವ ವಿವರ ಮಾತ್ರ ನನ್ನದು. ನೀವು ತಿಳಿದುಕೊಂಡ ಹಾಗೆ ನಾನು ಕಚೇರಿಯಲ್ಲಿಲ್ಲ. ಬಂದರಿನ ದೊಡ್ಡ ಕ್ರೇನ್ ನಡೆಸುತ್ತೇನೆ. ಏಣಿ ಹತ್ತಿ ಮೇಲಿನ ಕ್ಯಾಬಿನ್ನಿನಲ್ಲಿ ಕೂತರೆ ಹಡಗಿನ ಒಡಲೊಳಗೆ ನಿಂತವರು ನನಗೆ ಕಾಣುವುದಿಲ್ಲ. ಅಂಚಿನಲ್ಲಿ ನಿಂತವನ ಕೈಸನ್ನೆ ನೋಡಿಕೊಂಡು ಕೊಕ್ಕೆ ಇಳಿಸಬೇಕು. ಕೆಳಗೆ ಜನ ಇದ್ದಾರೆಂದು ನಂಬಿಯೇ ಪ್ರತಿ ಸಲ ಇಳಿಸುವುದು. ಇದನ್ನು ಕೇಳಿ ಕಡ್ಡಿ ಒಂದು ಶನಿವಾರ ಬಂದರಿಗೆ ಬಂದು ಗೇಟಿನಾಚೆ ನಿಂತು ಎರಡು ತಾಸು ನೋಡಿದಳು. ಈಗ ಕೆಮ್ಮುವುದು ನಿಂತಿದೆ. ಕ್ರೇನಮ್ಮ ಎನ್ನುತ್ತಾಳೆ.

ನಮ್ಮ ಅಧ್ಯಾಯ ಹೇಗಿದೆ, ಬೇಗ ತಿಳಿಸಿ.

ಇಂತಿ,
ಕ್ರೇನಮ್ಮ


ಜೂನ್ 12

ಕಡ್ಡಿಯ ಚಿಕ್ಕಮ್ಮನವರಿಗೆ,

ಮೇ ತಿಂಗಳ ಪುಸ್ತಕ ಬರಲಿಲ್ಲ. ಜೂನಿನದೂ ಬಂದಿಲ್ಲ. ಅಂಚೆಯವನು ಬಂದರೆ ಕಡ್ಡಿ ನೀರು ಕುಡಿಯುವ ನೆಪದಲ್ಲಿ ಎದ್ದು ಬರುತ್ತಾಳೆ. ಅವನು ಮುಂದಿನ ಮನೆಗೆ ಹೋದ ಮೇಲೆ ನೀರು ಕುಡಿಯದೆ ಒಳಗೆ ಹೋಗುತ್ತಾಳೆ. ಕಂದಾಯದ ಪುಸ್ತಕ ಓದೋಣ ಎಂದರೆ ಬೇಡ ಎನ್ನುತ್ತಾಳೆ.

ನಿಮ್ಮ ಮೈಗೆ ಹುಷಾರಿಲ್ಲವೇ? ನಮ್ಮಿಂದ ತಪ್ಪಾಗಿದ್ದರೆ ಬೈದಾದರೂ ಒಂದು ಸಾಲು ಬರೆಯಿರಿ. ನನಗೆ ಬೇಡ, ಅವಳಿಗೆ ಬರೆಯಿರಿ.

ಇಂತಿ,
ಕ್ರೇನಮ್ಮ


ಜೂನ್ 21

ಬೈದಾದರೂ ಬರೆ ಎಂದೆಯಲ್ಲ, ಬರೆಯುತ್ತಿದ್ದೇನೆ. ಬೈಯುವಾಗ ‘ನೀವು’ ಎನ್ನಲು ನನಗೆ ಬರುವುದಿಲ್ಲ.

ಮೈಗೇನೂ ಆಗಿಲ್ಲ. ಹೊಟ್ಟೆ ಉರಿಯುತ್ತಿದೆ, ಅಷ್ಟೇ. ಅಜ್ಜಿಯ ಅಧ್ಯಾಯ ನನ್ನ ಕೈತಪ್ಪಿ ಬಂದದ್ದಲ್ಲ. ಬೇಕೆಂದೇ ಬೇರೆ ಪುಸ್ತಕದ್ದನ್ನು ಕಳಿಸಿದೆ. ನೀವಿಬ್ಬರೂ ತಲೆ ಕೆಡಿಸಿಕೊಳ್ಳಲಿ, ಅವಳು ನಿನ್ನ ಮೇಲೆ ರೇಗಲಿ, ‘ಇವರು ಸೇರಿದ ಮೇಲೇ ಎಲ್ಲ ಕೆಟ್ಟಿತು’ ಎನ್ನಲಿ ಎಂದು. ಕಂದಾಯದ ಪುಸ್ತಕವೂ ಅದಕ್ಕೇ. ನೀನು ಎರಡು ಪುಟ ಓದಿ ಪುಸ್ತಕದ ಸಹವಾಸವೇ ಬೇಡ ಎಂದು ಕೈಮುಗಿಯುತ್ತೀಯ ಎಂದುಕೊಂಡಿದ್ದೆ. ನೀನು ನೋಡಿದರೆ ಅದಕ್ಕೆ ನಮಸ್ಕಾರ ಕಳಿಸಿದೆ. ನಾನು ಕಳಿಸಿದ ವಿಷವನ್ನು ಮನೆಮಂದಿಯೆಲ್ಲ ಕೂತು ಪಾಯಸದ ಹಾಗೆ ಚಪ್ಪರಿಸಿದಿರಿ.

ನಿಮ್ಮ ಅಧ್ಯಾಯ ಓದಿದೆ. ಕೌಂಟರಿನಲ್ಲಿ ಕೂತು ಓದಿದೆ. ಒಬ್ಬ ಮುದುಕರು ಕಳೆದುಹೋದ ಕೊಡೆ ಕೇಳಿಕೊಂಡು ಬಂದು ನಿಂತಿದ್ದರಂತೆ, ನನಗೆ ಕಾಣಲಿಲ್ಲ. ಚೆನ್ನಾಗಿದೆ. ಸುಮಾರಾಗಿದ್ದಿದ್ದರೆ ಹೊಗಳಿ ಬರೆದು ಸುಮ್ಮನಾಗುತ್ತಿದ್ದೆ. ಚೆನ್ನಾಗಿದೆ, ಅದಕ್ಕೇ ತಡೆಯಲಾಗದೆ ಎರಡು ತಿಂಗಳು ಪುಸ್ತಕ ಕಳಿಸಲಿಲ್ಲ. ಆ ಮಗುವಿನ ಹೊಟ್ಟೆಗೆ ಹೊಡೆದೆ.

ಜೀವನವಿಡೀ ಗಟ್ಟಿ ಹೆಂಗಸರ ಕಥೆಗಳನ್ನು ಹುಡುಕಿ ಹುಡುಕಿ ಅವಳಿಗೆ ಕಳಿಸಿದವಳು ನಾನು. ನೀನು ಏನೂ ಕಳಿಸಲಿಲ್ಲ. ಬೆಳಿಗ್ಗೆ ಎದ್ದು ಏಣಿ ಹತ್ತಿದೆ, ಅವಳು ಗೇಟಿನಾಚೆ ನಿಂತು ಕತ್ತೆತ್ತಿ ನೋಡಿದಳು. ನನ್ನ ಇಷ್ಟು ವರ್ಷದ ಕಪಾಟು ಒಂದು ಶನಿವಾರದಲ್ಲಿ ಹಳೆಯದಾಯಿತು. ಕ್ರೇನಮ್ಮನಂತೆ! ಕ್ರೇನು ಸಾಲದೆಂದು ಅದರ ಬಾಲಕ್ಕೆ ಅಮ್ಮ ಬೇರೆ.

‘ಒಣಕಡಲ ಒಡತಿ’ಯ ಕೊನೆಯ ಅಧ್ಯಾಯ ನನ್ನ ಹತ್ತಿರ ಇಲ್ಲ. ಯಾವತ್ತೂ ಇರಲಿಲ್ಲ. ಅದು ಅಕ್ಕ ನನಗೆ ಕಳಿಸಿದ ಕೊನೆಯ ಪುಸ್ತಕ. ಊಹೆ ಬರೆದು ಕಳಿಸಿದೆ, ಅಧ್ಯಾಯಕ್ಕೆ ಕಾಯುತ್ತಿದ್ದೆ. ಅಧ್ಯಾಯದ ಬದಲು ಭಾವನ ತಂತಿ ಬಂತು. ಆಮೇಲೆ ಅದೇ ಪುಸ್ತಕದ ಪೂರ್ತಿ ಪ್ರತಿಗಳು ಕೌಂಟರಿಗೆ ಬಂದಿವೆ, ಕೊನೆಯನ್ನು ನೋಡಲಿಲ್ಲ. ಅಕ್ಕ ಕೊಡದೆ ಓದುವುದು ಹೇಗೆ? ನೀನು ಹಾಕಿದ ಕ್ಲಿಪ್ಪನ್ನೂ ಅದಕ್ಕೇ ತೆಗೆದಿಲ್ಲ. ‘ಇವಳಿಗೆ ಹನ್ನೆರಡಾದಾಗ ಇದನ್ನ ಕೊಡ್ಬೇಕು’ ಎಂದು ಅಕ್ಕ ಹೇಳುತ್ತಿದ್ದಳು. ಕೊಟ್ಟೆ. ಅಕ್ಕನ ಮಗಳು ಏನು ಊಹಿಸಿ ಬರೆಯುತ್ತಾಳೋ ಅದನ್ನೇ ಕೊನೆ ಎಂದು ಇಟ್ಟುಕೊಳ್ಳೋಣ, ನನ್ನ ಕಾಯುವಿಕೆ ಅಲ್ಲಿಗೆ ಮುಗಿಯಲಿ ಎಂದುಕೊಂಡಿದ್ದೆ. ಬಂದದ್ದು ಎರಡು ಕೈಬರಹದ ಹಾಳೆ.

ಒಂದೇ ಒಂದು ವಿಷಯ ಕೇಳಬೇಕು, ನಿಜ ಹೇಳು. ಬುಟ್ಟಿ ಇಳಿಸುವ ಆ ಮೇಲಿನವಳು ಯಾರು? ತಿಂಗಳು ತಪ್ಪದೆ ಪೊಟ್ಟಣ ಕಳಿಸಿದವಳು ನಾನು. ಕ್ರೇನಿನ ಮೇಲೆ ಕೂತವಳು ನೀನು. ಅವಳು ಬರೆದದ್ದು ಯಾರನ್ನು?

ಇದೆಲ್ಲವನ್ನೂ ಬೇಕಾದರೆ ಅವಳಿಗೆ ಓದಿ ಹೇಳು. ನಾನು ಎಂಥವಳೆಂದು ತಿಳಿಯಲಿ.


ಜುಲೈ 4

ಕಡ್ಡಿಯ ಚಿಕ್ಕಮ್ಮನವರಿಗೆ,

ನೀವು ‘ನೀನು’ ಎಂದದ್ದು ನನಗೆ ಹಿಡಿಸಿತು, ಹಾಗೇ ಇರಲಿ.

ನಿಮ್ಮ ಕಾಗದವನ್ನು ಕಡ್ಡಿಗೆ ಓದಿ ಹೇಳಲು ಧೈರ್ಯ ಸಾಲಲಿಲ್ಲ. ಅಧ್ಯಾಯವನ್ನು ಬೇಕೆಂದೇ ಬದಲಿಸಿದ್ದರಂತೆ ಎಂದಷ್ಟೇ ಹೇಳಿದೆ. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. “ಗೊತ್ತು. ಪುಟದ ನಂಬರೇ ಕೂಡ್ತಿರ್ಲಿಲ್ವಲ್ಲ. ಚಿಕ್ಕಮ್ಮಂಗೆ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು” ಎಂದಳು. ಮತ್ತೆ ಕಷ್ಟದ ಆಟ ಎಂದೆಯಲ್ಲೇ ಎಂದು ಕೇಳಿದೆ. “ಆಟ ಅನ್ನದೇ ಇದ್ದಿದ್ರೆ ನೀವು ಅಳ್ತಿದ್ರಿ. ಆಮೇಲೆ ಚಿಕ್ಕಮ್ಮನೂ ಅಳ್ತಿದ್ರು” ಎಂದಳು. ಹನ್ನೆರಡು ವರ್ಷದ ಹುಡುಗಿ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಆಡಿಸಿದ್ದಾಳೆ.

ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಎಂದುಕೊಂಡಿದ್ದೀರಾ? ಈ ಮನೆಯಲ್ಲಿ ನಾನು ಯಾವ ಬೀರು ತೆಗೆದರೂ ನಿಮ್ಮಕ್ಕನ ಕೈಹೊಲಿಗೆ. ಕಡ್ಡಿ ಬಾಯಿ ತೆರೆದರೆ ‘ಚಿಕ್ಕಮ್ಮ ಹೇಳಿದ್ರು’. ನಿಮ್ಮ ಪೊಟ್ಟಣ ಬಂದ ದಿನ ಅವಳ ಮುಖ ಅರಳುವುದನ್ನು ನೋಡಿ, ಅಂಥದ್ದೊಂದನ್ನು ನಾನೂ ಕೊಡಬೇಕೆಂದೇ ಆ ಪೂರ್ತಿ ಪ್ರತಿಗಾಗಿ ಊರೆಲ್ಲ ಅಲೆದದ್ದು. ಹರಕಲು ಉಡುಗೊರೆ ಎಂದು ಮೊದಲು ಬರೆದದ್ದು ಅರ್ಧ ನಿಜ.

ನಿಮ್ಮ ಪ್ರಶ್ನೆಯನ್ನು ಅವಳಿಗೇ ಕೇಳಿದೆ: ಮೇಲಿರುವವಳು ಯಾರೇ? ಇದೆಂಥ ದಡ್ಡ ಪ್ರಶ್ನೆ ಎನ್ನುವ ಹಾಗೆ ನೋಡಿದಳು. “ಅಷ್ಟು ವರ್ಷ ಒಬ್ಬರೇ ಹೇಗೆ ಬುಟ್ಟಿ ಇಳಿಸೋಕಾಗತ್ತೆ? ಇಬ್ಬರಿದ್ದಾರೆ. ಪಾಳಿ ಮೇಲೆ ಬರ್ತಾರೆ” ಎಂದಳು. ನಮ್ಮ ಬಂದರಿನಲ್ಲೂ ಹಾಗೆಯೇ. ನಾನು ಇಳಿಯದೆ ಇನ್ನೊಬ್ಬರು ಹತ್ತುವ ಹಾಗಿಲ್ಲ, ಇನ್ನೊಬ್ಬರು ಬಾರದೆ ನಾನು ಇಳಿಯುವ ಹಾಗಿಲ್ಲ.

ಇನ್ನೊಂದು ಸುದ್ದಿಯಿದೆ, ಅದನ್ನು ಕೊನೆಗೆ ಇಟ್ಟುಕೊಂಡೆ. ನಿಮ್ಮಿಂದಲೇ ಕಲಿತದ್ದು.

ನಿಮ್ಮಕ್ಕನ ಹೊಲಿಗೆ ಯಂತ್ರವನ್ನು ನಾನು ಬಂದಾಗಿನಿಂದ ಮುಟ್ಟಿರಲಿಲ್ಲ, ಮುಚ್ಚಿದ ಬಟ್ಟೆಯನ್ನು ಕೂಡ ತೆಗೆದಿರಲಿಲ್ಲ. ನಿಮ್ಮ ಕಾಗದ ಬಂದ ಮೇಲೆ ಕಡ್ಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆದೆ. ಡ್ರಾಯರಿನಲ್ಲಿ, ತೋಳಿನ ಅಳತೆಗೆ ಕತ್ತರಿಸಿಟ್ಟ ಕಾಗದಗಳ ಮಡಿಕೆಯೊಳಗೆ ಒಂದು ದಪ್ಪ ಕವರಿತ್ತು. ಮೇಲೆ ನಿಮ್ಮ ವಿಳಾಸ. ಅಂಚೆಚೀಟಿಯೂ ಹಚ್ಚಿದೆ. ಹಾಕುವುದೊಂದು ಬಾಕಿ ಇತ್ತು.

ನಾವು ಬಿಡಿಸಿಲ್ಲ. ಆಣೆ. ಇವರು “ನಾಳೇನೇ ಅಂಚೆಗೆ ಹಾಕ್ತೀನಿ” ಎಂದು ಕೈಚಾಚಿದರು. ಕಡ್ಡಿ ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಕೊಡಲ್ಲ. ಚಿಕ್ಕಮ್ಮನ ಕೌಂಟರಿನ ನಿಯಮ ಇದೆ. ವಾರಸುದಾರರು ಖುದ್ದಾಗಿ ಬರ್ಬೇಕು, ಗುರುತು ಹೇಳ್ಬೇಕು” ಎಂದಳು. ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ. ನಿಜ ಹೇಳಬೇಕೆಂದರೆ, ನಾನು ಹೆಚ್ಚಿಗೆ ಹೇಳಲೂ ಇಲ್ಲ.

ಅಕ್ಕ ಹೋದ ಮೇಲೆ ನೀವು ಈ ಮನೆಗೆ ಬಂದೇ ಇಲ್ಲವಂತೆ. ರಜೆ ಸಿಗುತ್ತದೆಯೇ?

ಇಂತಿ,
ಕ್ರೇನಮ್ಮ


ಜುಲೈ 11

ಕ್ರೇನಮ್ಮನಿಗೆ,

ನಿನ್ನ ಕಾಗದವನ್ನು ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ಓದಿದೆ. ಎರಡನೇ ಸಲ ಓದುವಾಗ ಕಣ್ಣಿಗೆ ಕೊಡೆಯ ದೂಳು ಬಿತ್ತೆಂದು ಪಕ್ಕದ ಕೌಂಟರಿನವಳಿಗೆ ಸುಳ್ಳು ಹೇಳಿದೆ.

ಮದುವೆಯ ದಿನವೂ ನನಗೆ ರಜೆ ಇತ್ತು. ಕೋಣೆಯಲ್ಲಿ ಕೂತು ಕಪಾಟಿನ ಪುಸ್ತಕಗಳನ್ನು ತೆಗೆದು ಒರೆಸಿ ಮತ್ತೆ ಜೋಡಿಸುತ್ತಿದ್ದೆ. ಈಗ ರಜೆಗೆ ಬರೆದುಕೊಟ್ಟಿದ್ದೇನೆ. ಹತ್ತೊಂಬತ್ತನೇ ತಾರೀಕು ಶನಿವಾರ, ಮಧ್ಯಾಹ್ನದ ರೈಲು. ಮೇ, ಜೂನ್, ಜುಲೈ, ಮೂರೂ ತಿಂಗಳ ಪುಸ್ತಕಗಳನ್ನು ಕೈಯಲ್ಲೇ ಹಿಡಿದು ತರುತ್ತಿದ್ದೇನೆ. ‘ಬೂದಿ ಗ್ರಹದ ಸೂಲಗಿತ್ತಿ’ ನಿನಗೆ. ಕೈ ತೊಳೆಯುವ ಪುಟವನ್ನು ನಿಧಾನವಾಗಿ ಓದು. ಕೊನೆಯನ್ನು ಕೊಯ್ದಿದ್ದೇನೆ, ಬೇಕಾದರೆ ಊಹೆ ಬರೆ. ನಿನಗೆಂದು ರಿಯಾಯಿತಿ ಇಲ್ಲ.

ಗುರುತು ಹೇಳಬೇಕಂತೆ. ಕಡ್ಡಿಗೆ ಹೇಳು: ಪುಟಗಳ ಅಂಚು ನೆಟ್ಟಗಿರುವುದಿಲ್ಲ, ನಡುವೆ ಒಂದು ಕಡೆ ಚಾಕು ಒಳಕ್ಕೆ ಹೋಗಿರುತ್ತದೆ. ಅಕ್ಕ ಕೊಯ್ಯುವಾಗ ಯಾವಾಗಲೂ ಮಾತಾಡುತ್ತಿದ್ದಳು. ಮೊದಲ ಪುಟದ ಮೂಲೆಯಲ್ಲಿ ಸೂಜಿ ಚುಚ್ಚಿದ ತೂತುಗಳಿರುತ್ತವೆ. ಪಿನ್ನು ಸಿಗದಿದ್ದರೆ ಅವಳು ಪುಟಗಳನ್ನು ದಾರದಲ್ಲಿ ಹೊಲಿದುಬಿಡುತ್ತಿದ್ದಳು, ಕೈಗೆ ಸಿಕ್ಕಿದ ಬಣ್ಣದ ದಾರದಲ್ಲಿ. ಯಾವ ಬಣ್ಣ ಎಂದು ನನಗೆ ಗೊತ್ತಿಲ್ಲ. ಒಳಗೆ ಏನಾಗುತ್ತದೆ ಎಂದೂ ಗೊತ್ತಿಲ್ಲ. ಇಷ್ಟೇ ಗುರುತು. ಇಷ್ಟಕ್ಕೆ ಕೊಡುತ್ತಾಳೋ ಇಲ್ಲವೋ ಕೇಳು.

ಪಾಳಿಯ ಮಾತನ್ನು ಒಪ್ಪಿದೆ. ಒಪ್ಪಿದೆ ಎಂದ ಮಾತ್ರಕ್ಕೆ ಉರಿ ಆರಿಹೋಯಿತು ಎಂದುಕೊಳ್ಳಬೇಡ. ರೈಲಿನಿಂದ ಇಳಿದಾಗ ಅವಳು ನಿನ್ನ ಕೈ ಹಿಡಿದು ನಿಂತಿದ್ದರೆ ನನ್ನ ಮುಖ ಹೇಗಾಗುತ್ತದೋ ಹೇಳಲಾರೆ, ಮೊದಲೇ ಹೇಳಿಟ್ಟಿರುತ್ತೇನೆ. ಅಕ್ಕ ಎನ್ನಬೇಡ ಎಂದಿದ್ದೆ, ಅದೂ ಹಾಗೇ ಇರಲಿ. ಕರೆಯಲು ಬೇರೆ ಏನಾದರೂ ಹುಡುಕಿಕೋ. ಹೆಸರಿಡುವುದರಲ್ಲಿ ಕಡ್ಡಿ ಜಾಣೆ, ಅವಳನ್ನು ಕೇಳು.

ಕವರನ್ನು ಮೂವರೂ ಕೂತ ಮೇಲೆ ಬಿಡಿಸೋಣ. ಗಟ್ಟಿಯಾಗಿ ಓದುವವಳು ನಾನೇ ಎಂದುಕೊಂಡಿದ್ದೆ. ರೈಲು ಟಿಕೆಟ್ಟಿಗೆ ಸಾಲಿನಲ್ಲಿ ನಿಂತಾಗ ಮನಸ್ಸು ಬದಲಾಯಿತು. ನೀನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತೇನೆ ಎಂದು ಬರೆದಿದ್ದೆಯಲ್ಲ. ಬೇಗ ಮುಗಿಯುವುದು ನನಗೂ ಬೇಡ.

ನೀನೇ ಓದು. ಆದರೆ ಕಡ್ಡಿಯ ಪಕ್ಕದಲ್ಲಿ ಕೂರುವುದು ನಾನು.